ಬಚ್ಚಲೊಲೆಗೆ ಹಾಕುವ ಮುನ್ನ

ಇವತ್ತು ಸಂಜೆ ಮೀಯಲು ನೀರು ಕಾಯಿಸುವಾಗ ನಿಮ್ಮ ಮನೆಯ ಬಚ್ಚಲೊಲೆಯ ಬಾಯಿಗೆ ಒಮ್ಮೆ ಬಗ್ಗಿ ನೋಡಿ. ಅಡಿಕೆ ಸಿಪ್ಪೆ ಇರುತ್ತದೆ, ಕೊತ್ತಳಿಂಗೆ ಇರುತ್ತದೆ, ಒಣಗಿದ ಸೋಗೆ ಇರುತ್ತದೆ. ಅವುಗಳ ನಡುವೆ ಹಾಲಿನ ತೊಟ್ಟೆ, ಬಿಸ್ಕತ್ತಿನ ಹೊದಿಕೆ, ಹರಿದ ಚಪ್ಪಲಿ, ತುಂಡಾದ ಪಿವಿಸಿ ಪೈಪು ಇದೆಯೋ ಇಲ್ಲವೋ? ಪುತ್ತೂರು, ಸುಳ್ಯ, ಕಡಬದ ಕಡೆ ನಾನು ಹೋಗಿಬಂದ ತೋಟದ ಮನೆಗಳಲ್ಲಿ ಇವು ಇಲ್ಲದ ಒಲೆ ಕಡಮೆ. ಯಾರೂ ಕೆಟ್ಟ ಬುದ್ಧಿಯಿಂದ ಹಾಕುವುದಲ್ಲ. ಮನೆಯ ಸುತ್ತ ಚೊಕ್ಕಟವಾಗಿರಲಿ ಎಂದೇ ಹಾಕುತ್ತಾರೆ. ಬೆಂಕಿಗೆ ಬಿದ್ದದ್ದು ಅಲ್ಲಿಗೇ ಮುಗಿಯಿತು ಎಂಬ ನಂಬಿಕೆ ನಮ್ಮದು.

ಮುಗಿಯುವುದಿಲ್ಲ. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಬಚ್ಚಲೊಲೆಯ ಮಂದ ಉರಿಯಲ್ಲಿ, ಹಸಿ ಸಿಪ್ಪೆಯ ಹೊಗೆಯ ನಡುವೆ ಅದು ಅರೆಬರೆ ಸುಡುವಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹೊಗೆಯ ಜೊತೆ ಹೋಗಿ ಹುಲ್ಲಿನ ಮೇಲೆ ಕೂರುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಆ ಹುಲ್ಲು ಮೇದ ದನದ ಕೊಬ್ಬಿಗೆ ಸೇರಿ ಹಾಲಿಗೆ ಇಳಿಯುತ್ತದೆ. ಬೂದಿ ಎಲ್ಲಿಗೆ ಹೋಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಸಳೆ ಚಪ್ಪರದ ಬುಡಕ್ಕೆ, ಅಲಸಂಡೆಗೆ ಹುಳ ಬಿದ್ದಾಗ ಎಲೆಯ ಮೇಲಕ್ಕೆ, ತೆಂಗಿನ ಬುಡಕ್ಕೆ, ಕೆಲವು ಮನೆಗಳಲ್ಲಿ ಇಂದಿಗೂ ಪಾತ್ರೆ ತಿಕ್ಕುವ ಕಲ್ಲಿನ ಬಳಿಗೆ. ಬೆಳಗ್ಗೆ ಎದ್ದು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೆಂಕಿ ಊದುವವರು ಮನೆಯ ಹೆಂಗಸರು. ಮೊದಲ ಉಸಿರು ಅವರದೇ.

ನನಗೆ ಸಂಕಟವಾಗುವುದು ಇಲ್ಲಿ. ನಮ್ಮ ಹಿರಿಯರ ಮಿತವ್ಯಯದಲ್ಲಿ ಬಚ್ಚಲೊಲೆ ಕಟ್ಟಕಡೆಯ ತಾಣವಾಗಿತ್ತು. ಹತ್ತು ಕೆಲಸಕ್ಕೆ ಬಂದು ಹನ್ನೊಂದನೆಯದಕ್ಕೆ ಆಗದೆ ಹೋದದ್ದು ಮಾತ್ರ ಅಲ್ಲಿಗೆ ಹೋಗುತ್ತಿತ್ತು. ಹೋದರೂ ನೀರು ಕಾಯಿಸಿ, ಬೂದಿಯಾಗಿ, ಪುನಃ ತೋಟಕ್ಕೇ ಬರುತ್ತಿತ್ತು. ಬೆಂಕಿಗೋ ಗೊಬ್ಬರಗುಂಡಿಗೋ ಬರೆಯ ಆಚೆಗೋ ಎಸೆಯುವ ಕೈ ಆಗ ತಪ್ಪು ಮಾಡುತ್ತಿರಲಿಲ್ಲ, ಎಸೆದದ್ದೆಲ್ಲ ಮಣ್ಣಾಗುತ್ತಿತ್ತು. ಆ ಕೈ ಈಗಲೂ ಹಾಗೆಯೇ ಎಸೆಯುತ್ತಿದೆ. ವಸ್ತು ಬದಲಾದದ್ದು ಕೈಗೆ ಇನ್ನೂ ತಿಳಿದಿಲ್ಲ. ಅಜ್ಜನ ಕಾಲದ ಅಭ್ಯಾಸವನ್ನೇ ಮುಂದುವರಿಸಿ ಅಜ್ಜ ಬಿಟ್ಟುಹೋದ ಮಣ್ಣನ್ನು ಕೆಡಿಸುತ್ತಿದ್ದೇವೆ.

ಆ ಹಳೆಯ ಕ್ರಮ ಎಷ್ಟು ಪೂರ್ಣವಾಗಿತ್ತು ಎಂಬುದಕ್ಕೆ ಒಂದು ಅಡಿಕೆ ಹಾಳೆ ಸಾಕು. ತೋಟದಲ್ಲಿ ಸೋಗೆ ಸಮೇತ ಬಿದ್ದದ್ದನ್ನು ಕತ್ತಿಯಲ್ಲಿ ಕಚ್ಚು ಹಾಕಿ ಬೇರ್ಪಡಿಸಿದರೆ ಸೋಗೆಗೊಂದು ದಾರಿ, ಹಾಳೆಗೊಂದು ದಾರಿ. ಸೋಗೆ ಹಟ್ಟಿಗೆ ಹೋಗಿ ದನದ ಕಾಲಡಿಯಲ್ಲಿ ಗೊಬ್ಬರವಾಗುತ್ತದೆ. ಹಾಳೆಯನ್ನು ನೀರಿನಲ್ಲಿ ನೆನೆಹಾಕಿದರೆ ತೊಗಲಿನ ಹಾಗೆ ಬಾಗುತ್ತದೆ. ಎರಡು ತುದಿ ಮಡಚಿ ಬಿಗಿದರೆ ಪಡಿಗೆ ಆಯಿತು, ಕಣಿಯ ನೀರನ್ನು ಅಡಿಕೆ ಬುಡಕ್ಕೆ ಎರಚುವುದಕ್ಕೂ ಅದೇ. ಪದರ ಜೋಡಿಸಿ ಮಡಚಿದರೆ ಮುಟ್ಟಾಳೆ, ಅದನ್ನಿಟ್ಟುಕೊಂಡು ಸೊಪ್ಪಿನ ಹೊರೆ ಹೊತ್ತರೂ ನೆತ್ತಿ ನೋಯುವುದಿಲ್ಲ. ಬಾಣಂತಿ ಇರುವ ಮನೆಯಲ್ಲಿ ಒಳ್ಳೆ ಅಗಲದ ಹಾಳೆಯನ್ನು ಆರಿಸಿ ತೆಗೆದಿಡುತ್ತಿದ್ದರು. ಎಣ್ಣೆ ಹಚ್ಚಿದ ಹಸುಗೂಸನ್ನು ಮಲಗಿಸಿ ಮೀಯಿಸಲು ಅದಕ್ಕಿಂತ ನುಣುಪಾದ, ಮೈಗೆ ಚಳಿ ತಾಗಿಸದ ತೊಟ್ಟಿ ಇನ್ನೊಂದಿಲ್ಲ. ಅದೇ ಮಗು ಎರಡು ಮಳೆಗಾಲ ಕಳೆದ ಮೇಲೆ ಹಾಳೆಯ ಮೇಲೆ ಕೂತು ಅಣ್ಣನ ಕೈಯಲ್ಲಿ ಅಂಗಳವಿಡೀ ಎಳೆಸಿಕೊಳ್ಳುತ್ತಿತ್ತು. ಸವೆದ ಹಾಳೆ ದನಕ್ಕೆ, ದನ ಬಿಟ್ಟದ್ದು ಗೊಬ್ಬರಕ್ಕೆ. ಈಗ ಅದೇ ಹಾಳೆಯನ್ನು ಯಂತ್ರದಲ್ಲಿ ಒತ್ತಿ ತಟ್ಟೆ ಮಾಡಿ ಪರದೇಶಕ್ಕೆ ಕಳಿಸುತ್ತೇವೆ, ಸಂತೋಷ. ಆದರೆ ಅದನ್ನು ಬೆಳೆದ ಊರಿನ ಮದುವೆ ಊಟದಲ್ಲಿ ಪ್ಲಾಸ್ಟಿಕ್ ಸವರಿದ ಕಾಗದದ ತಟ್ಟೆ ಇಡುವುದು ಯಾವ ನ್ಯಾಯ?

ಸಾಯುವ ಅಡಿಕೆ ಮರವನ್ನು ಸೀಳಿದರೆ ದಂಬೆ, ಸಲಾಕೆ, ಬೇಲಿ. ತೆಂಗಿನ ಗೆರಟೆ ಸೌಟಾಯಿತು, ಇಸ್ತ್ರಿಪೆಟ್ಟಿಗೆಗೆ ಕೆಂಡವಾಯಿತು, ಸುಳ್ಯ ಕಡೆಯ ರಬ್ಬರ್ ಗುಡ್ಡೆಗಳಲ್ಲಿ ಹಾಲು ಹಿಡಿಯುವ ಬಟ್ಟಲಾಯಿತು. ಹಳೆ ಸೀರೆ ಜೋಲಿಯಾಯಿತು, ಹಪ್ಪಳ ಒಣಗಿಸುವ ಹಾಸಾಯಿತು, ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು. ಈಗ ಗದ್ದೆಯ ಸುತ್ತ ಕಟ್ಟಿದರೆ ಹಂದಿಗೆ ಬೆದರಿಕೆಯೂ ಆಗುತ್ತದೆ. ಹಲಸಿನದೋ, ಸೊಳೆ ಉಪ್ಪಿಗೆ, ಬೇಳೆ ಸಾಂಬಾರಿಗೆ, ರಚ್ಚೆ ದನಕ್ಕೆ. ಇದನ್ನೆಲ್ಲ ಅರುವತ್ತು ದಾಟಿದ ಯಾರನ್ನು ಕೇಳಿದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ. ಕೇಳಿ. ಅವರು ಇರುವಾಗಲೇ ಕೇಳಿ.

ಆದರೆ ಬಡತನಕ್ಕೆ ಹೂವು ಮುಡಿಸುವುದು ನನಗೆ ಬೇಡ. ಆಟಿ ತಿಂಗಳ ಹಸಿವು ನಿಜವಾದ ಹಸಿವಾಗಿತ್ತು. ತಜಂಕಿನ ಸೊಪ್ಪು, ಕಣಿಲೆ, ಉಪ್ಪುಸೊಳೆ ತಿಂದದ್ದು ರುಚಿಗೆಂದಲ್ಲ, ಮಳೆ ಬಿಡದ ಆ ತಿಂಗಳು ಬೇರೆ ಗತಿ ಇರಲಿಲ್ಲ. ಈಗ ಆಟಿಯ ಹೆಸರಿನಲ್ಲಿ ವೇದಿಕೆ ಹಾಕಿ, ಬ್ಯಾನರು ಕಟ್ಟಿ, ಹತ್ತಾರು ಬಗೆ ಬಡಿಸಿ, ಸಂಜೆಗೆ ಒಂದು ಪಿಕಪ್ಪು ತುಂಬ ಪ್ಲಾಸ್ಟಿಕ್ ಲೋಟ ಗುಡ್ಡೆಗೆ ಸುರಿದು ಬರುವ ಕಾರ್ಯಕ್ರಮಗಳು ಆ ಹಸಿವಿಗೆ ಮಾಡುವ ಅವಮಾನ. ಇನ್ನೊಂದು ಮಾತು. ಮಿತವ್ಯಯದ ಹೊಗಳಿಕೆ ಯಜಮಾನರಿಗೆ ಹೋಯಿತು, ಹೊಲಿದವರು, ಒಣಗಿಸಿದವರು, ಅಟ್ಟಕ್ಕೆ ಏರಿಸಿ ಇಳಿಸಿದವರು ಹೆಂಗಸರು. ಆ ದುಡಿಮೆಯನ್ನು ಪುನಃ ಅವರೊಬ್ಬರ ತಲೆಗೇ ಕಟ್ಟುವುದಾದರೆ ಈ ಕರೆಗೆ ಅರ್ಥವಿಲ್ಲ. ಹರಿದ ಅಂಗಿಗೆ ಗುಂಡಿ ಹಾಕಲು ಗಂಡಸರ ಕೈಗೂ ಬರುತ್ತದೆ. ಹಾಗೆಯೇ, ನಮಗೆ ಬೇಡವಾದ ಹರಕು ಬಟ್ಟೆಯನ್ನು, ಕೆಟ್ಟ ಟೀವಿಯನ್ನು ತೋಟದ ಕೆಲಸಕ್ಕೆ ಬರುವವರಿಗೆ ಕೊಟ್ಟು ದಾನ ಮಾಡಿದೆವು ಎನ್ನುವುದು ಮಿತವ್ಯಯವೂ ಅಲ್ಲ, ದಾನವೂ ಅಲ್ಲ. ಕೊಡುವುದಾದರೆ ಸರಿಮಾಡಿಸಿ ಕೊಡಿ. ನಮ್ಮ ಕಸಕ್ಕೆ ಅವರ ಮನೆ ಗುಂಡಿಯಲ್ಲ.

ಅಡಿಕೆಗೆ ಧಾರಣೆ ಬಂತು, ಮನೆಗಳಿಗೆ ವಸ್ತು ಬಂತು. ತಪ್ಪೇನಿಲ್ಲ. ಆದರೆ ಧಾರಣೆಯ ಚರಿತ್ರೆ ಈ ಮೂರು ತಾಲೂಕಿನವರಿಗೆ ಮರೆಯಬಾರದು. 1970ರ ದಶಕದ ಆರಂಭದಲ್ಲಿ ಅಡಿಕೆಯನ್ನು ಕೇಳುವವರಿಲ್ಲದೆ ಬೆಳೆಗಾರರು ಕಂಗೆಟ್ಟದ್ದರಿಂದಲೇ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಇವತ್ತು ಸಂಪಾಜೆ, ಅರಂತೋಡು, ತೊಡಿಕಾನದ ಕಡೆ ಹಳದಿ ಎಲೆ ರೋಗದಿಂದ ತೋಟಕ್ಕೆ ತೋಟವೇ ಸೊರಗಿ ನಿಂತಿದೆ, ಮದ್ದಿಲ್ಲ. ಎಲೆಚುಕ್ಕಿ ಬೇರೆ ಸೇರಿಕೊಂಡಿದೆ. ಅಲ್ಲಿನವರ ಜೊತೆ ಕೂತು ಮಾತಾಡಿದರೆ ತಿಳಿಯುತ್ತದೆ, ಹುಟ್ಟುವಳಿ ನಿಂತ ಮನೆ ಮೊದಲು ಹುಡುಕುವುದು ಅಟ್ಟದಲ್ಲಿ ಏನಿದೆ ಎಂದು. ಅಟ್ಟವನ್ನು ನಾವು ಖಾಲಿ ಮಾಡಿ ಕೂತಿದ್ದೇವೆ. ತಾಮ್ರದ ಹಂಡೆ, ಕಂಚಿನ ಚರಿಗೆ ತೂಕಕ್ಕೆ ಹೋಯಿತು. ಆ ಜಾಗದಲ್ಲಿ ಬಂದ ಪ್ಲಾಸ್ಟಿಕ್ ಬಾಲ್ದಿ ಎರಡು ಬೇಸಿಗೆಗೆ ಬಿರುಕು ಬಿಡುತ್ತದೆ, ತೂಕಕ್ಕೂ ಆಗುವುದಿಲ್ಲ.

ಹಳೆಯದೆಲ್ಲ ಮರಳಿ ಬಳಸತಕ್ಕದ್ದೇ ಎಂದೂ ತಿಳಿಯಬೇಡಿ. ಕಳೆನಾಶಕದ ಖಾಲಿ ಕ್ಯಾನು ಗಟ್ಟಿಯಾಗಿದೆ ಎಂದು ತೊಳೆದು ಕೆಲಸದವರಿಗೆ ಕುಡಿಯುವ ನೀರು ಕಳಿಸುವವರನ್ನು ನೋಡಿದ್ದೇನೆ. ದಮ್ಮಯ್ಯ, ಬೇಡ. ಎಷ್ಟು ತೊಳೆದರೂ ಬೇಡ. ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಕೊಕ್ಕಡ, ಕೊಯಿಲದ ಮನೆಗಳು ಇಂದಿಗೂ ಉಣ್ಣುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯುವ ಹೊತ್ತಿಗೆ ಎಷ್ಟೋ ಮಕ್ಕಳು ಹಾಸಿಗೆಯಲ್ಲೇ ಬೆಳೆದಿದ್ದರು. ವಿಷದ ಬಗ್ಗೆ ಅಸಡ್ಡೆ ಮಾಡುವ ಹಕ್ಕು ಈ ನೆಲದಲ್ಲಿ ನಮಗೆ ಯಾರಿಗೂ ಇಲ್ಲ. ವಿಷದ ಕ್ಯಾನಿಗೆ ತೂತು ಕೊರೆದು ಬೇರೆಯಾಗಿ ಇಡಿ. ಮೈಲುತುತ್ತು ಸುಣ್ಣ ಕಲಡಿದ ಡ್ರಮ್ಮು ಬೋರ್ಡೋಗೇ ಇರಲಿ.

ಹಾಗಾದರೆ ಏನು ಮಾಡಬೇಕು? ಮಿತವ್ಯಯ ಈಗ ಹಿತ್ತಿಲಲ್ಲಿ ಶುರುವಾದರೆ ತಡವಾಯಿತು. ವಸ್ತು ತಡಮೆ ದಾಟಿ ಒಳಗೆ ಬರುವಾಗಲೇ ಕೇಳಬೇಕು, ಇದು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು. ಮಣ್ಣಿಗೆ ಹೋಗುತ್ತದೆಯಾದರೆ ಬರಲಿ. ರಿಪೇರಿಯಾಗಿ ಇನ್ನೊಬ್ಬರ ಕೈಗೆ ಹೋಗುತ್ತದೆಯಾದರೂ ಬರಲಿ. ಎರಡೂ ಇಲ್ಲವೆಂದಾದರೆ ಬೇಡ. ಪುತ್ತೂರಿನ ಸೋಮವಾರ ಸಂತೆಗೆ ಹೊರಡುವಾಗ ಒಂದು ಬಟ್ಟೆ ಚೀಲ ಕಂಕುಳಲ್ಲಿರಲಿ, ತೊಟ್ಟೆ ಅಂಗಡಿಯಲ್ಲೇ ಉಳಿಯಲಿ. ತೀರಾ ತಪ್ಪಿಸಲಾಗದ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಗೋಣಿಯಲ್ಲಿ ಕಟ್ಟಿಡಿ. ಪಂಚಾಯತಿನ ಸ್ವಚ್ಛ ವಾಹಿನಿ ಡಾಂಬರು ರಸ್ತೆಯವರೆಗೆ ಬರುತ್ತದೆ, ತೋಟದ ನಡುವಿನ ಮನೆಗೆ ಬರುವುದಿಲ್ಲ ಎಂಬ ದೂರು ನಿಜವೇ. ಆದರೆ ಹಾಲು ಡೈರಿಗೆ ದಿನಾ ರಸ್ತೆಯವರೆಗೆ ಹೋಗುತ್ತದಲ್ಲ, ಆ ದಾರಿಯಲ್ಲೇ ವಾರಕ್ಕೊಮ್ಮೆ ಗೋಣಿಯೂ ಹೋಗಲಿ. ಆ ವಾಹನದಲ್ಲಿ ಬರುವ ಹೆಣ್ಣುಮಕ್ಕಳು ನಮ್ಮ ಊರಿನವರೇ. ಕೊಳೆತದ್ದು, ಒಡೆದ ಗಾಜು ಅವರ ಕೈಗೆ ತಾಗದ ಹಾಗೆ ಕಟ್ಟಿಕೊಡುವುದು ಕನಿಷ್ಠ ಮರ್ಯಾದೆ.

ದೇವಸ್ಥಾನ, ದೈವಸ್ಥಾನಗಳ ಆಡಳಿತ ಮಂಡಳಿಯವರೇ, ನಿಮ್ಮಲ್ಲೂ ಕೇಳುತ್ತೇನೆ. ಬ್ರಹ್ಮಕಲಶದ ಊಟಕ್ಕೆ ಸಾವಿರ ಸಾವಿರ ಜನ ಕೂರುತ್ತಾರೆ. ಬಾಳೆ ಎಲೆ, ಹಾಳೆ ತಟ್ಟೆ ಊರಲ್ಲೇ ಇದೆ. ಸ್ಟೀಲಿನ ಲೋಟ ಒಮ್ಮೆ ತೆಗೆದರೆ ಒಂದು ತಲೆಮಾರು ಬರುತ್ತದೆ, ಗ್ರಾಮದ ಎಲ್ಲ ಮದುವೆ ಬೊಜ್ಜಗಳಿಗೂ ಕಡ ಕೊಡಬಹುದು. ಬಂದ ಕಾಣಿಕೆಯಲ್ಲಿ ಅದಕ್ಕೊಂದು ಪಾಲು ತೆಗೆಯಿರಿ. ಸುಬ್ರಹ್ಮಣ್ಯಕ್ಕೆ ಬಂದವರು ಕುಮಾರಧಾರೆಯಲ್ಲಿ ಮಿಂದು ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟುಹೋಗುತ್ತಾರೆ, ಸ್ವಯಂಸೇವಕರು ಆಗಾಗ ಇಳಿದು ರಾಶಿ ರಾಶಿ ಎತ್ತಿ ಹಾಕುತ್ತಾರೆ. ಒಳ್ಳೆ ಬಟ್ಟೆಯನ್ನು ಹೊಳೆಗೆ ಎಸೆದರೆ ಪಾಪ ಹೋಗುತ್ತದೆ ಎಂದು ಯಾರು ಹೇಳಿದರು? ಸ್ನಾನಘಟ್ಟದಲ್ಲಿ ನಿಂತು ಕೈಮುಗಿದು ಬೇಡ ಎನ್ನುವ ಅಧಿಕಾರ ಸ್ಥಳೀಯರಾದ ನಮಗಿದೆ, ಹೇಳೋಣ.

ಹೊಸ ಮನೆಗೆ ಕೈಹಾಕುವವರಲ್ಲಿ ಒಂದು ಪ್ರಾರ್ಥನೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹೆಂಚಿಗೆ ಬದಲಾದವು. ಆ ಹಳೆಯ ಹೆಂಚುಗಳಲ್ಲಿ ಎಷ್ಟೋ ಇನ್ನೂ ಸೋರುವುದಿಲ್ಲ. ಜೆಸಿಬಿ ಬಂದರೆ ಅರ್ಧ ದಿನದಲ್ಲಿ ಎಲ್ಲ ಹುಡಿ. ನಾಲ್ಕು ಜನ ಸೇರಿ ಕೈಯಿಂದ ಇಳಿಸಿದರೆ ಹೆಂಚು ಹಟ್ಟಿಗೋ ಗೊಬ್ಬರದ ಚಪ್ಪರಕ್ಕೋ ಆಗುತ್ತದೆ, ಕೆಂಪುಕಲ್ಲು ತೋಟದ ಕಟ್ಟಪುಣಿಗೆ ಆಗುತ್ತದೆ, ಹಲಸು ಕಿರಾಲುಬೋಗಿಯ ದಾರಂದ ಹೊಸ ಮನೆಗೇ ಆಗುತ್ತದೆ. ಆ ಮರ ಇನ್ನು ನಮ್ಮ ಕಾಲದಲ್ಲಿ ಅಷ್ಟು ದಪ್ಪಕ್ಕೆ ಬೆಳೆಯಲಾರದು.

ಕೊನೆಯದು, ಮತ್ತು ಇದಕ್ಕೆ ದಿನ ಗೊತ್ತುಮಾಡಿಯೇ ಹೇಳುತ್ತೇನೆ. ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕುವುದು ನಮ್ಮ ಸೀಮೆಯ ಹಳೆಯ ಜಾಣತನ. ಕಲ್ಲು, ಮಣ್ಣು, ಸೊಪ್ಪು, ಅಡಿಕೆ ಮರದಲ್ಲಿ ಕಟ್ಟಿದ್ದನ್ನು ಮುಂದಿನ ಮಳೆ ಬಿಚ್ಚಿ ಒಯ್ಯುತ್ತಿತ್ತು, ಹೊಳೆಗೆ ಅದು ಹೊರೆಯಾಗುತ್ತಿರಲಿಲ್ಲ. ಈಗ ರಸಗೊಬ್ಬರದ, ಸಿಮೆಂಟಿನ ಖಾಲಿ ಚೀಲಗಳಿಗೆ ಮರಳು ತುಂಬಿ ಕಟ್ಟುತ್ತೇವೆ. ಹಳೆಯ ಚೀಲಕ್ಕೆ ಒಳ್ಳೆ ಉಪಯೋಗ ಸಿಕ್ಕಿತು ಎಂದು ಸಮಾಧಾನ. ಆದರೆ ನಾಲ್ಕೈದು ತಿಂಗಳ ಬಿಸಿಲಿಗೆ ಆ ಚೀಲ ನೂಲು ನೂಲಾಗಿ ಉದುರುತ್ತದೆ, ಮೊದಲ ದೊಡ್ಡ ಮಳೆಗೆ ಕಟ್ಟ ಒಡೆದು ಕುಮಾರಧಾರೆಗೋ ಪಯಸ್ವಿನಿಗೋ ಸೇರುತ್ತದೆ. 2022ರ ಆಗಸ್ಟಿನ ನೆರೆ ಕಂಡವರಿಗೆ, ಸೇತುವೆಯ ಕಂಬಕ್ಕೆ ಏನೇನು ಸಿಕ್ಕಿಕೊಳ್ಳುತ್ತದೆ ಎಂದು ಗೊತ್ತಿದೆ. ಚೀಲದ ಕಟ್ಟ ಬೇಡವೆಂದು ನಾನು ಹೇಳುವುದಿಲ್ಲ, ಕಲ್ಲು ಹೊರುವ ಆಳು ಇಲ್ಲದ ಕಷ್ಟ ನನಗೂ ಇದೆ. ಹಾಕಿದವರು ತೆಗೆಯಬೇಕು, ಅಷ್ಟೇ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಮಳೆಗೆ ಇನ್ನು ಕೆಲವೇ ದಿನ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕಿಂತ ಮೊದಲಿನ ಆದಿತ್ಯವಾರ ತೋಡಿನ ಎರಡೂ ದಡದ ಮನೆಯವರು ಹಾರೆ ಬುಟ್ಟಿ ಹಿಡಿದು ಇಳಿಯಿರಿ. ಮರಳು ತೋಡಿನಲ್ಲೇ ಬಿಡಿ, ಚೀಲ ಮೇಲಕ್ಕೆ ತನ್ನಿ. ನಮ್ಮ ಮನೆಯ ಕೆಳಗಿನ ತೋಡಿಗೆ ನಾನು ಇಳಿಯುತ್ತೇನೆ. ನಿಮ್ಮ ತೋಡಿಗೆ ನೀವು ಇಳಿಯಬೇಕು.