ಕೂಡಿದ ಜೀವ, ಬೇರ್ಪಡಿಸುವ ನ್ಯಾಯ: 'ಟುವಿಕ್ಸ್' ವಾಗ್ವಾದ ಮತ್ತು ಗಡಿಯ ಕನ್ನಡ

೧

ಕಥೆ ಮುಗಿದ ಮೇಲೆ ಕೇಳುಗರು ಎರಡು ಪಕ್ಷಗಳಾಗಿ ಒಡೆಯುವುದು ಕನ್ನಡಕ್ಕೆ ಹೊಸತಲ್ಲ. ಬೇತಾಳನ ಕಥೆಗಳು ಪ್ರಶ್ನೆಯಲ್ಲಿಯೇ ನಿಲ್ಲುತ್ತವೆ. ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಹಾಡಿ, ದಪ್ಪು ತುಂತುಣಿಗಳ ನಡುವೆ ಇರುಳೆಲ್ಲ ಸವಾಲು-ಜವಾಬು ನಡೆಸುತ್ತಾರೆ. ಇದೇ ವಾದ ಮರಾಠಿ ಲಾವಣಿಯಲ್ಲಿ ಕಲಗಿ-ತುರಾ ಎಂಬ ಹೆಸರಿನಿಂದ, ಶಕ್ತಿ ಮತ್ತು ಶಿವರ ಹಿರಿಮೆಯ ಜಗಳವಾಗಿ ಬೆಳೆದಿದೆ. ಎರಡೂ ಕಡೆ ಕೇಳುಗನು ತೀರ್ಪುಗಾರನೇ ಹೊರತು ಬರಿಯ ಪ್ರೇಕ್ಷಕನಲ್ಲ. ಆದರೆ ಇಂತಹ ವಾಗ್ವಾದವು ಜಾತ್ರೆಯ ಬಯಲಿನಿಂದ ಟಿ.ವಿ. ಪರದೆಯ ಮುಂದಕ್ಕೆ ಸರಿದಾಗ ಕನ್ನಡ ಸಂಶೋಧನೆ ಅದನ್ನು ಗಂಭೀರವಾಗಿ ಪರಿಗಣಿಸಿರುವುದು ವಿರಳ. ವಿಜ್ಞಾನಕಥೆಯ ಧಾರಾವಾಹಿಗಳ ವಿಷಯದಲ್ಲಂತೂ ಈ ಉದಾಸೀನ ಇನ್ನೂ ಹೆಚ್ಚು. ದೂರದರ್ಶನದಲ್ಲಿ ೧೯೮೯ರ 'ಸ್ಪೇಸ್ ಸಿಟಿ ಸಿಗ್ಮಾ', ೧೯೯೮ರ 'ಕ್ಯಾಪ್ಟನ್ ವ್ಯೋಮ್' ಮೊದಲಾದವು ಬಂದುಹೋದರೂ ಅವು ಮಕ್ಕಳ ವಿನೋದವೆಂಬ ವರ್ಗೀಕರಣದಾಚೆಗೆ ಚರ್ಚೆಗೆ ಒಳಗಾಗಲಿಲ್ಲ.

ಈ ಹಿನ್ನೆಲೆಯಲ್ಲಿ, ಅಮೆರಿಕದ 'ಸ್ಟಾರ್ ಟ್ರೆಕ್: ವಾಯೇಜರ್' ಸರಣಿಯಲ್ಲಿ ೧೯೯೬ರ ಮೇ ೬ರಂದು ಪ್ರಸಾರವಾದ 'ಟುವಿಕ್ಸ್' ಎಂಬ ಕಂತು ಮತ್ತು ಅದು ನೋಡುಗರಲ್ಲಿ ಎಬ್ಬಿಸಿದ ವಾದವನ್ನು ಇಲ್ಲಿ ಪರಿಶೀಲಿಸಲಾಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕನ್ನಡ ತರಗತಿಗೂ ಅಮೆರಿಕದ ಈ ಕಂತಿಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ. ಒಳಗಿನ ಪ್ರಶ್ನೆ ಮಾತ್ರ ಒಂದೇ ಆಗಿದೆ.

೨

ಕಥೆ ಇಷ್ಟು. ನೌಕೆಯ ಭದ್ರತಾ ಅಧಿಕಾರಿ ಟುವಾಕ್ ಭಾವೋದ್ರೇಕವನ್ನು ಹತ್ತಿಕ್ಕಿದ, ತರ್ಕವನ್ನೇ ನಂಬಿದ ವ್ಯಕ್ತಿ. ಅಡುಗೆಯ ನೀಲಿಕ್ಸ್ ಬಾಯಿತುಂಬ ಮಾತಾಡುವ, ಎಲ್ಲರನ್ನೂ ಹಚ್ಚಿಕೊಳ್ಳುವ ಜೀವ. ಒಬ್ಬನಿಗೆ ಇನ್ನೊಬ್ಬನ ಸಹವಾಸ ಬೇಸರದ್ದು. ಅನ್ಯಗ್ರಹವೊಂದರಿಂದ ಸಸ್ಯಗಳನ್ನು ತೆಗೆದುಕೊಂಡು ಸಾಗಣೆಯ ಯಂತ್ರದ ಮೂಲಕ ಮರಳುವಾಗ ಆ ಸಸ್ಯದ ವಿಚಿತ್ರ ಗುಣದಿಂದ ಇಬ್ಬರೂ ಕೂಡಿ ಒಬ್ಬನಾಗಿ ಹೊರಬರುತ್ತಾರೆ. ಈ ಹೊಸಬನಿಗೆ ಇಬ್ಬರ ನೆನಪೂ ಇದೆ. ಸ್ವಭಾವ ಮಾತ್ರ ಇಬ್ಬರದೂ ಅಲ್ಲದ ಮೂರನೆಯದು. ಟುವಿಕ್ಸ್ ಎಂಬ ಹೆಸರಿಟ್ಟುಕೊಂಡು ಅವನು ಕೆಲವು ವಾರ ನೌಕೆಯಲ್ಲಿ ಬದುಕುತ್ತಾನೆ, ಕೆಲಸದಲ್ಲಿ ನುರಿತವನೆನಿಸುತ್ತಾನೆ, ಗೆಳೆಯರನ್ನು ಪಡೆಯುತ್ತಾನೆ. ಅಷ್ಟರಲ್ಲಿ ಇಬ್ಬರನ್ನೂ ಮತ್ತೆ ಬೇರ್ಪಡಿಸುವ ಉಪಾಯ ದೊರೆಯುತ್ತದೆ. ಟುವಿಕ್ಸ್ ತಾನು ಬದುಕಬೇಕೆನ್ನುತ್ತಾನೆ, ಎಲ್ಲರೆದುರು ಅಂಗಲಾಚುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಜೀವಕ್ಕೆ ಹಾನಿ ಮಾಡಲಾರೆನೆಂದು ವೈದ್ಯನು ಹಿಂದೆ ಸರಿದಾಗ ಕ್ಯಾಪ್ಟನ್ ಜೇನ್‌ವೇ ತಾನೇ ಆ ಕಾರ್ಯವನ್ನು ಮುಗಿಸಿ, ಮರಳಿ ಬಂದ ಇಬ್ಬರನ್ನೂ ನೋಡಿ, ಹೊರನಡೆಯುತ್ತಾಳೆ. ಕಂತು ಅಲ್ಲಿಗೆ ಮುಗಿಯುತ್ತದೆ.

ನೋಡುಗರ ಒಂದು ಪಕ್ಷದ ಪ್ರಕಾರ ಜೇನ್‌ವೇ ಮಾಡಿದ್ದು ಕೊಲೆ. ಬದುಕಬೇಕೆಂದು ಬಾಯಿಬಿಟ್ಟು ಹೇಳಿದವನನ್ನು ಬೇರೆಯವರ ಹಿತಕ್ಕಾಗಿ ಇಲ್ಲವಾಗಿಸುವ ಅಧಿಕಾರ ಯಾರಿಗೂ ಇಲ್ಲ ಎಂಬುದು ಅವರ ವಾದ. ಇನ್ನೊಂದು ಪಕ್ಷದ ಪ್ರಕಾರ ಅದು ಚಿಕಿತ್ಸೆ. ಕೂಡುವಿಕೆ ಒಂದು ಅಪಘಾತ. ಅದಕ್ಕೆ ಟುವಾಕನ ಒಪ್ಪಿಗೆಯೂ ಇರಲಿಲ್ಲ, ನೀಲಿಕ್ಸನ ಒಪ್ಪಿಗೆಯೂ ಇರಲಿಲ್ಲ. ಅವರ ಪರವಾಗಿ ಮಾತನಾಡಲು ಕ್ಯಾಪ್ಟನ್ ಒಬ್ಬಳೇ ಉಳಿದಿದ್ದಳು. ಮೂರನೆಯ ಗುಂಪೊಂದು ಕಥೆಗಾರರನ್ನೇ ಆಕ್ಷೇಪಿಸುತ್ತದೆ: ಮುಖ್ಯ ಪಾತ್ರಧಾರಿಗಳು ಮುಂದಿನ ವಾರ ಮರಳಲೇಬೇಕಾದ ಧಾರಾವಾಹಿಯಲ್ಲಿ ಟುವಿಕ್ಸನ ಸಾವು ಮೊದಲೇ ನಿಶ್ಚಿತವಾಗಿತ್ತು, ಆ ಮೇಲೆ ಅದರ ಪರಿಣಾಮವನ್ನು ಸರಣಿ ಕೈಗೆತ್ತಿಕೊಳ್ಳಲೂ ಇಲ್ಲ. ಈ ಜಗಳ ಎಷ್ಟು ದೀರ್ಘವಾಗಿ ಉಳಿಯಿತೆಂದರೆ ೨೦೨೩ರಲ್ಲಿ ಅದೇ ಪರಂಪರೆಯ 'ಲೋಯರ್ ಡೆಕ್ಸ್' ಎಂಬ ವ್ಯಂಗ್ಯಚಿತ್ರ ಸರಣಿಯ ಕಂತೊಂದು ಇದನ್ನೇ ವಿನೋದಕ್ಕೆ ವಸ್ತುವಾಗಿಸಿಕೊಂಡಿತು.

ಮೊದಲೆರಡು ಪಕ್ಷಗಳ ವಾದಗಳನ್ನು ಅವಲೋಕಿಸಿದಾಗ ಅವೆರಡೂ ಎಣಿಕೆಯ ಮೇಲೆ ನಿಂತಿರುವುದು ಕಾಣುತ್ತದೆ. ಇಬ್ಬರು ದೊಡ್ಡವರೋ ಒಬ್ಬ ದೊಡ್ಡವನೋ ಎಂಬುದೇ ಅವುಗಳ ತಕ್ಕಡಿ. ಎಣಿಸಬೇಕಾದರೆ ಮೊದಲು ಬಿಡಿಬಿಡಿಯಾಗಿಸಬೇಕು. ಕೂಡಿದ್ದನ್ನು ಕೂಡಿದ್ದಾಗಿಯೇ ಗ್ರಹಿಸುವ ಮಾತು ಎರಡೂ ಪಕ್ಷಗಳಲ್ಲಿ ಕ್ಷೀಣವಾಗಿದೆ.

ಕನ್ನಡದ ಓದುಗರಿಗೆ ಈ ತೊಡಕು ಪರಿಚಿತವೇ. ತಲೆಗಳು ಅದಲುಬದಲಾದ ಕಥೆಯಲ್ಲಿ ಬೇತಾಳನ ಪ್ರಶ್ನೆಗೆ ವಿಕ್ರಮನು ತಡವರಿಸದೆ ಉತ್ತರಿಸುತ್ತಾನೆ: ಅಂಗಗಳಲ್ಲಿ ಶಿರವೇ ಪ್ರಧಾನ, ತಲೆ ಯಾರದೋ ಅವನೇ ಗಂಡ. ಗಿರೀಶ ಕಾರ್ನಾಡರ 'ಹಯವದನ' (೧೯೭೧) ಈ ಸುಲಭದ ಉತ್ತರವನ್ನೇ ಅನುಮಾನಿಸಿತು. ದೇವದತ್ತ-ಕಪಿಲರ ಕಥೆಗಿಂತಲೂ ಹಯವದನನ ಕಥೆ ಇಲ್ಲಿ ಹೆಚ್ಚು ಪ್ರಸ್ತುತ. ಕುದುರೆಯ ತಲೆ, ಮನುಷ್ಯನ ಮೈ ಹೊತ್ತ ಅವನು ಪೂರ್ಣತೆಯನ್ನು ಬೇಡಿದಾಗ ಕಾಳಿ ಅವನನ್ನು ಪೂರ್ಣ ಕುದುರೆಯನ್ನಾಗಿಸುತ್ತಾಳೆ. ಆದರೂ ಮನುಷ್ಯನ ದನಿ ಉಳಿದುಬಿಡುತ್ತದೆ. ಕೊನೆಗೆ ಆ ದನಿಯೂ ಹೋಗಿ ಕೆನೆತ ಬಂದಾಗಲೇ ಅವನು 'ಶುದ್ಧ'ನಾಗುವುದು. ಪೂರ್ಣತೆಗೆ ಅವನು ತೆತ್ತ ಬೆಲೆ ಅವನ ಮಾತು.

೩

ಮಾತಿನ ಈ ಪ್ರಸ್ತಾಪವೇ ಚರ್ಚೆಯನ್ನು ಗಡಿಯ ತಾಲ್ಲೂಕುಗಳಿಗೆ ತರುತ್ತದೆ. ೧೯೫೬ರ ರಾಜ್ಯ ಪುನರ್ವಿಂಗಡಣೆ, ೧೯೬೬ರಲ್ಲಿ ನೇಮಕವಾಗಿ ಮರುವರ್ಷ ವರದಿ ನೀಡಿದ ಮಹಾಜನ ಆಯೋಗ, ೨೦೦೪ರಲ್ಲಿ ಮಹಾರಾಷ್ಟ್ರವು ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆ: ಇವುಗಳ ಆಡಳಿತಾತ್ಮಕ ನ್ಯಾಯಾನ್ಯಾಯ ಈ ಬರಹದ ವ್ಯಾಪ್ತಿಗೆ ಸೇರಿದ್ದಲ್ಲ. ಗಮನಿಸಬೇಕಾದುದು, ಈ ವಾದಗಳೆಲ್ಲ ಒಬ್ಬ ವ್ಯಕ್ತಿಗೆ ಒಂದೇ ಭಾಷೆ ಎಂಬ ಎಣಿಕೆಯನ್ನು ಆಧರಿಸುತ್ತವೆ ಎಂಬುದನ್ನು. ಜನಗಣತಿಯಲ್ಲಿ ತಿಳಿದ ಇತರ ಭಾಷೆಗಳಿಗೆ ಬೇರೆ ಅಂಕಣವಿದೆ. ಮಾತೃಭಾಷೆಯ ಅಂಕಣದಲ್ಲಿ ಒಂದಕ್ಕೇ ಎಡೆ.

ನೆಲದ ಮೇಲಿನ ಸಂಗತಿ ಬೇರೆ. ಕಾಗವಾಡದಿಂದ ಹೆಚ್ಚು ದೂರವಲ್ಲದ, ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಊರಿನ ಮಾತನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಅಭ್ಯಸಿಸಿ ೧೯೭೧ರಲ್ಲಿ ಪ್ರಕಟಿಸಿದ ಲೇಖನ ಭಾಷಾವಿಜ್ಞಾನದಲ್ಲಿ ಪ್ರಸಿದ್ಧವಾಗಿದೆ. ಕನ್ನಡ, ಮರಾಠಿ, ಉರ್ದು ಶತಮಾನಗಳಿಂದ ಒಂದೇ ಓಣಿಯಲ್ಲಿ ಬಾಳಿದ ಆ ಊರಿನಲ್ಲಿ ಶಬ್ದಗಳು ಬೇರೆಬೇರೆಯಾಗಿಯೇ ಉಳಿದು ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದಾಗಿದೆಯೆಂದು ಅವರು ತೋರಿಸಿದರು. ಶಿಷ್ಟ ಕನ್ನಡದಲ್ಲಿ 'ಇದು ನಿಮ್ಮ ಮನೆ' ಎಂದರೆ ಸಾಕು, ಕ್ರಿಯಾಪದ ಬೇಕಿಲ್ಲ. ಆ ಊರಿನ ಕನ್ನಡ ಮರಾಠಿಯ ವಾಕ್ಯದಂತೆ 'ಇದು ನಿಮ್ಮ ಮನಿ ಐತಿ' ಎನ್ನುತ್ತದೆ. ಅತ್ತ ಆ ಊರಿನ ಮರಾಠಿಯು ತನ್ನ ಲಿಂಗವ್ಯವಸ್ಥೆಯನ್ನು ಬಿಟ್ಟು, ಕನ್ನಡದಂತೆ ಮನುಷ್ಯರನ್ನು ಗಂಡು ಹೆಣ್ಣೆಂದೂ ಉಳಿದುದೆಲ್ಲವನ್ನು ನಪುಂಸಕವೆಂದೂ ಬಗೆಯುತ್ತದೆ. ಹೀಗೆ ಕೊಟ್ಟುದೂ ಉಂಟು, ಕೊಂಡುದೂ ಉಂಟು. ಮಾತು ಕೂಡಿತು, ಆದರೆ ಮನೆಮಾತಿನ ಗುರುತು ಅಳಿಯಲಿಲ್ಲ.

ಅಥಣಿ, ಕಾಗವಾಡ ಭಾಗದ ಆಡುಮಾತಿಗೆ ಕಿವಿಗೊಟ್ಟವರಿಗೆ ಈ 'ಐತಿ' ಅಪರಿಚಿತವೆನಿಸಲಾರದು. ಮರಾಠಿಯಿಂದ ಬಂದ ಪಗಾರ, ಖಾನಾವಳಿ ಮೊದಲಾದ ಶಬ್ದಗಳು ಇಲ್ಲಿಯ ದಿನಬಳಕೆಯವು. 'ಕಾಳಜಿ'ಯಂತೂ ಗಡಿ ದಾಟಿ ಇಡೀ ಕರ್ನಾಟಕದ ವಿಮರ್ಶೆಯ ಪರಿಭಾಷೆಯೇ ಆಗಿದೆ. 'ಸಾಮಾಜಿಕ ಕಾಳಜಿ' ಎಂದು ಬರೆಯುವ ಅಧ್ಯಾಪಕರು ಅದನ್ನು ಬೆರಕೆಯೆಂದು ಭಾವಿಸುವುದಿಲ್ಲ. ಚಪ್ಪಲಿಯ ಕುಶಲಕಲೆಯೂ ಹೀಗೆಯೇ: ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿಯೂ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ ೨೦೧೯ರಲ್ಲಿ ದೊರೆತ ಭೌಗೋಳಿಕ ಸೂಚಿಕೆಯ ಮಾನ್ಯತೆ ಕರ್ನಾಟಕದ ನಾಲ್ಕು, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ ಜಂಟಿಯಾಗಿ ಸಂದಿತು. ಚರ್ಮದ ವಿಷಯದಲ್ಲಿ ಒಪ್ಪಿದ ಕೂಡುಗುರುತನ್ನು ನಾಲಿಗೆಯ ವಿಷಯದಲ್ಲಿ ಒಪ್ಪಲು ಹಿಂಜರಿಕೆ ಏಕೆ?

೪

ಈ ಹಿಂಜರಿಕೆ ಎದ್ದು ಕಾಣುವ ಸ್ಥಳ ಕನ್ನಡದ ತರಗತಿ. ಗಡಿಭಾಗದ ವಿದ್ಯಾರ್ಥಿಯೊಬ್ಬ 'ಇದು ಮುಖ್ಯ ಕಾರಣ ಐತಿ' ಎಂದು ಬರೆದರೆ ಕೆಂಪು ಶಾಯಿ ಅದರ ಮೇಲೆ ಓಡುತ್ತದೆ. ಅದು ತಪ್ಪು ಎಂಬ ತೀರ್ಪು ದೊರೆಯುತ್ತದೆ, ಎಂತಹ ರಚನೆ ಎಂಬ ವಿವರಣೆ ದೊರೆಯುವುದಿಲ್ಲ. ಕುಪವಾಡದಲ್ಲಿ ಶೋಧವೆನಿಸಿದ ವಾಕ್ಯ ಉತ್ತರಪತ್ರಿಕೆಯಲ್ಲಿ ಸ್ಖಾಲಿತ್ಯವಾಗುತ್ತದೆ. ಹಾಗೆ ತಿದ್ದಿಸಿಕೊಂಡವನು ನೌಕೆಯ ಸಹೋದ್ಯೋಗಿಗಳಂತೆ ಮೌನವಾಗಿರುವುದನ್ನು ಬೇಗ ಕಲಿಯುತ್ತಾನೆ. ವಿಚಾರಸಂಕಿರಣಗಳಲ್ಲಿ ಗಡಿಭಾಗದವರು ಮಾತನಾಡುವುದಿಲ್ಲವೆಂಬ ಆಕ್ಷೇಪಕ್ಕೆ ಕಾರಣವನ್ನು ಇಲ್ಲಿಯೂ ಹುಡುಕಬೇಕು.

ಇದಕ್ಕೆ ಪ್ರತಿವಾದವಿದೆ, ಮತ್ತು ಅದು ಹಗುರವಾದುದಲ್ಲ. ಶಿಷ್ಟ ಕನ್ನಡವು ವಿದ್ಯಾರ್ಥಿಯ ಹಕ್ಕು. ಸ್ಪರ್ಧಾತ್ಮಕ ಪರೀಕ್ಷೆ, ಉದ್ಯೋಗ, ಪಂಪನಿಂದ ಇಂದಿನವರೆಗಿನ ಸಾಹಿತ್ಯದ ಪ್ರವೇಶ, ಎಲ್ಲವೂ ಅದರ ಮೂಲಕವೇ ಆಗಬೇಕು. ಮರಾಠಿ ಮಾಧ್ಯಮದಿಂದ ಬಂದು ಕನ್ನಡವನ್ನು ಆಯ್ದುಕೊಂಡ ನಿಪ್ಪಾಣಿಯ ಹುಡುಗಿಗೆ 'ನಿನ್ನ ಬೆರಕೆಯೇ ಚೆಂದ' ಎಂದು ಬೆನ್ನು ತಟ್ಟಿ ಕಳಿಸುವುದು ಔದಾರ್ಯವಲ್ಲ, ವಂಚನೆ. ಟುವಾಕ್ ಮತ್ತು ನೀಲಿಕ್ಸರ ಪರವಾಗಿ ಮಾತನಾಡಲು ಯಾರಾದರೂ ಬೇಕಿತ್ತು ಎಂಬ ಪಕ್ಷದ ಬಲ ಇರುವುದು ಇಲ್ಲಿಯೇ. ಗಡಿಯಲ್ಲಿ ಕನ್ನಡ ಅಧ್ಯಾಪಕನು ಮಾತನಾಡದಿದ್ದರೆ ಕನ್ನಡದ ಪರವಾಗಿ ಮಾತನಾಡುವವರು ಬೇರೆ ಯಾರು?

ಆದರೆ ಹೋಲಿಕೆ ಮುರಿದುಬೀಳುವುದೂ ಇಲ್ಲಿಯೇ. ನೌಕೆಯ ಯಂತ್ರದಲ್ಲಿ ಒಬ್ಬನಿರಬೇಕು ಅಥವಾ ಇಬ್ಬರಿರಬೇಕು, ಮೂವರಿಗೆ ಅವಕಾಶವಿಲ್ಲ. ನಾಲಿಗೆಗೆ ಅಂತಹ ಕಟ್ಟಳೆಯಿಲ್ಲ. ಮನೆಯಲ್ಲಿ ಮರಾಠಿಯಾಡಿದ ಬೇಂದ್ರೆಯವರು ಕನ್ನಡದ ವರಕವಿಯಾದರು, ಅವರ ಮರಾಠಿ ಕೃತಿ 'ಸಂವಾದ'ಕ್ಕೆ ಕೇಳ್ಕರ್ ಪ್ರಶಸ್ತಿಯೂ ಬಂದಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಶಂಬಾ ಜೋಶಿಯವರು ಎರಡೂ ಭಾಷೆಗಳಲ್ಲಿ ಸಂಸ್ಕೃತಿಶೋಧ ನಡೆಸಿದರು. ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಬೇಕಾದ ಪ್ರಸಂಗ ಅವರಿಗೆ ಒದಗಲಿಲ್ಲ. ಜೇನ್‌ವೇಗೆ ಇಲ್ಲದಿದ್ದ ಆಯ್ಕೆ ಕನ್ನಡ ಅಧ್ಯಾಪಕನಿಗೆ ಇದೆ. ಆಯ್ಕೆ ಇದ್ದೂ ಅವಳಂತೆಯೇ ನಡೆದುಕೊಂಡರೆ ಅವಳಿಗೆ ದೊರೆಯುವ ಕ್ಷಮೆ ಅವನಿಗೆ ದೊರೆಯಲಾರದು.

ಆದುದರಿಂದ ಮಾಡಬೇಕಾದುದು ಸರಳವಾಗಿದೆ. ಶಿಷ್ಟರೂಪವನ್ನು ಕಲಿಸುವಾಗ ವಿದ್ಯಾರ್ಥಿಯ ವಾಕ್ಯವನ್ನು ಹೊಡೆದುಹಾಕದೆ ಅದರ ಪಕ್ಕದಲ್ಲಿಯೇ ಶಿಷ್ಟವಾಕ್ಯವನ್ನು ಬರೆಸಿ, ಎರಡರ ಅಂತರವನ್ನು ಅವನಿಂದಲೇ ಹೇಳಿಸಬೇಕು. ಸ್ನಾತಕೋತ್ತರ ಹಂತದಲ್ಲಿ ಭಾಷಾವಿಜ್ಞಾನದ ಪತ್ರಿಕೆಯ ಕ್ಷೇತ್ರಕಾರ್ಯಕ್ಕೆ ಈ ಐದು ತಾಲ್ಲೂಕುಗಳ ಆಡುಮಾತನ್ನು ತೆಗೆದುಕೊಳ್ಳಬೇಕು. ಸಂಗ್ರಹಿಸುವಾಗ ಇದು ಕನ್ನಡದ್ದು, ಇದು ಮರಾಠಿಯದು ಎಂದು ಬೇರ್ಪಡಿಸುವ ಅವಸರವನ್ನು ತಡೆಹಿಡಿಯಬೇಕು. ಹರದೇಶಿ-ನಾಗೇಶಿಯ ಕೇಳುಗರಂತೆ ಟಿ.ವಿ. ನೋಡುಗರ ವಾದಗಳನ್ನೂ ಅಧ್ಯಯನದ ಆಕರವಾಗಿ ಸ್ವೀಕರಿಸಿದರೆ, ಇಂದಿನ ಜನ ನ್ಯಾಯವನ್ನು ಕುರಿತು ಹೇಗೆ ಯೋಚಿಸುತ್ತಾರೆಂಬುದೂ ತಿಳಿದೀತು.

ಬೇತಾಳನ ಕಡೆಯ ಕಥೆಯಲ್ಲಿ ತಂದೆಯು ಮಗಳನ್ನೂ ಮಗನು ಅವಳ ತಾಯಿಯನ್ನೂ ಮದುವೆಯಾಗುತ್ತಾರೆ. ಅವರ ಮಕ್ಕಳು ಪರಸ್ಪರ ಏನಾಗಬೇಕೆಂಬ ಪ್ರಶ್ನೆಗೆ ವಿಕ್ರಮನಲ್ಲಿ ಉತ್ತರವಿಲ್ಲ. ಅಂತಹ ಸಂಬಂಧಕ್ಕೆ ಶಬ್ದವಿಲ್ಲವೆಂದರಿತು ಅವನು ಸುಮ್ಮನಾಗುತ್ತಾನೆ, ಬೇತಾಳ ಅವನಿಗೆ ವಶವಾಗುವುದು ಆಗಲೇ. ತಲೆ ಯಾರದೋ ಅವನೇ ಎಂದು ಥಟ್ಟನೆ ನುಡಿದಾಗಲೆಲ್ಲ ಅದು ಮತ್ತೆ ಮರಕ್ಕೆ ಹಾರಿಹೋಗಿತ್ತು. ಗಡಿಯ ವಿದ್ಯಾರ್ಥಿಯ ವಾಕ್ಯದ ಮುಂದೆ ಕೆಂಪು ಶಾಯಿಯ ಲೇಖನಿ ಅಷ್ಟು ಹೊತ್ತು ತಡೆದು ನಿಂತರೆ ಸಾಕು.