ಸ್ವಪರಿಚಯ ಪತ್ರಕ್ಕೆ ಅಲಂಕಾರವೇಕೆ?

ನಮ್ಮ ಹಳೆಯ ವಿದ್ಯಾರ್ಥಿಗಳು ಗಣಕಯಂತ್ರದ ಉದ್ಯೋಗಗಳಿಗೆ ಕಳುಹಿಸುವ ಸ್ವಪರಿಚಯ ಪತ್ರಗಳನ್ನು ಆಗಾಗ ನನಗೆ ತೋರಿಸುವುದುಂಟು. ತಂದೆಯ ಹೆಸರು, ಧರ್ಮ, ವೈವಾಹಿಕ ಸ್ಥಿತಿ, ಕೊನೆಗೊಂದು ಪ್ರಮಾಣವಚನ. ನಡುವೆ ‘ಪರಿಶ್ರಮಿ’, ‘ನಿಷ್ಠಾವಂತ’ ಎಂಬ ವಿಶೇಷಣಗಳ ಮೆರವಣಿಗೆ. ಈ ದೋಷದಲ್ಲಿ ನನ್ನ ಪಾಲೂ ಇದೆ. ಬಿನ್ನವತ್ತಳೆಯ ಶೈಲಿಯನ್ನು ಕಲಿಸಿದವನು ನಾನೇ ಅಲ್ಲವೆ!

ಇಂದು ಅನೇಕ ದೊಡ್ಡ ಸಂಸ್ಥೆಗಳಲ್ಲಿ ಈ ಪತ್ರಗಳನ್ನು ಮೊದಲು ಜರಡಿ ಹಿಡಿಯುವುದು ತಂತ್ರಾಂಶ. ಉದ್ಯೋಗ ಪ್ರಕಟಣೆಯಲ್ಲಿ ಕೇಳಿದ ‘ಜಾವಾ’, ‘ಪೈಥಾನ್’ ಮುಂತಾದ ಶಬ್ದಗಳನ್ನು ಅದು ಅರಸುತ್ತದೆ. ಚಿತ್ರ, ಕೋಷ್ಟಕ, ಎರಡು ಅಂಕಣಗಳಿದ್ದರೆ ಎಡವುವುದೂ ಉಂಟು. ಅನಂತರ ನೋಡುವ ಅಧಿಕಾರಿಗೂ ವ್ಯವಧಾನ ಕಡಿಮೆ. ಹೊಸಬರಿಗೆ ಸರಳವಾದ ಒಂದೇ ಪುಟ ಸಾಕು. ತಿಳಿಯದ ವಿದ್ಯೆಯ ಹೆಸರನ್ನಂತೂ ಸೇರಿಸಲೇಬಾರದು. ಸಂದರ್ಶನದ ಮೊದಲ ಪ್ರಶ್ನೆ ಅಲ್ಲಿಂದಲೇ ಏಳಬಹುದು. ಪತ್ರಲೇಖನದ ಪಾಠದಲ್ಲಿ ಅಧ್ಯಾಪಕ ಮಿತ್ರರು ಇದನ್ನೂ ಕಲಿಸಬೇಕೆಂಬುದು ನನ್ನ ಅಭಿಪ್ರಾಯ.

ಆದರೆ ನಮ್ಮ ಹಳ್ಳಿಯ ಮಕ್ಕಳ ತೊಡಕು ಬೇರೆಯೇ ಇದೆ. ಒಬ್ಬ ತರುಣನು ತನ್ನೂರಿನ ಹಾಲಿನ ಸಂಘಕ್ಕೆ ಲೆಕ್ಕದ ತಂತ್ರಾಂಶವನ್ನು ತಾನೇ ರಚಿಸಿಕೊಟ್ಟಿದ್ದನು. ಅದು ಅಲ್ಪವೆಂದು ಪತ್ರದಲ್ಲಿ ಕಾಣಿಸಿಯೇ ಇರಲಿಲ್ಲ! ವಿಶೇಷಣಗಳನ್ನೆಲ್ಲ ಹೊಡೆದುಹಾಕಿಸಿದೆ. ಎಷ್ಟು ಸದಸ್ಯರ ಲೆಕ್ಕ, ಯಾವ ಗಣಕಭಾಷೆ, ದಿನಕ್ಕೆಷ್ಟು ಹೊತ್ತು ಉಳಿಯಿತು ಎಂಬುದನ್ನು ಎರಡು ಸಾಲುಗಳಲ್ಲಿ ಬರೆಯೆಂದೆ. ಸಂಕೋಚಪಡುತ್ತಲೇ ಬರೆದನು.