ಸೂರ್ಯ ಎಂಬ ಹೆಸರಿನ ಹುಡುಗಿ



ಸೂರ್ಯ ಎಂದರೆ ನಮ್ಮ ಕಡೆ ಗಂಡು ಮಕ್ಕಳ ಹೆಸರು. ಹೆಣ್ಣು ಮಗುವಾದರೆ ಉಷಾ ಅನ್ನುತ್ತೇವೆ, ಸಂಧ್ಯಾ ಅನ್ನುತ್ತೇವೆ. ಆದರೆ ಫ್ರಾನ್ಸ್ ದೇಶದ ನೀಸ್ ಪಟ್ಟಣದಲ್ಲಿ 1973ರ ಡಿಸೆಂಬರ್ 15ರಂದು ಹುಟ್ಟಿದ ಒಂದು ಹೆಣ್ಣು ಕೂಸನ್ನು ದತ್ತು ತೆಗೆದುಕೊಂಡ ಸುಝಾನ್ ಮತ್ತು ಜಾರ್ಜ್ ಬೊನಾಲಿ ದಂಪತಿಗಳು ಅದಕ್ಕೆ ಇಟ್ಟ ಹೆಸರು ಸೂರ್ಯ. ನಮ್ಮ ಸಂಸ್ಕೃತದ ಸೂರ್ಯನೇ! ಗಂಡ ಹೆಂಡತಿ ಇಬ್ಬರೂ ಬಿಳಿಯರು, ಮಗು ಅಪ್ಪಟ ಕಪ್ಪು. ಈ ಸೂರ್ಯ ಬೊನಾಲಿ ಮುಂದೆ ಮಂಜುಗಡ್ಡೆಯ ಮೇಲೆ ಜಾರುತ್ತ ಕುಣಿಯುವ ಆಟದಲ್ಲಿ, ಅದೇ ಫಿಗರ್ ಸ್ಕೇಟಿಂಗ್‌ನಲ್ಲಿ, ಜಗತ್ತೇ ತಿರುಗಿ ನೋಡುವಷ್ಟು ಹೆಸರು ಮಾಡಿದಳು. ಈ ಸಲ ಅವಳ ಕಥೆ ಹೇಳುತ್ತೇನೆ, ಕೇಳಿ.

ನಮ್ಮಂಥ ಊರುಗಳಲ್ಲಿ ಮಂಜುಗಡ್ಡೆ ಅಂದರೆ ಐಸ್‌ಕ್ಯಾಂಡಿ ಗಾಡಿ, ಇಲ್ಲವೇ ಮದುವೆ ಮನೆಯ ಶರಬತ್ತಿನ ಹಂಡೆ. ಬಚ್ಚಲಲ್ಲಿ ಸೋಪಿನ ನೀರು ಚೆಲ್ಲಿದ್ದರೆ ಗೋಡೆ ಹಿಡಿದು ನಡೆಯುವವರು ನಾವು. ಅಲ್ಲಿ ಈ ಮಕ್ಕಳು ಬೂಟಿನ ಅಡಿಗೆ ಬೆರಳಿಗಿಂತ ಸಣ್ಣ ಅಗಲದ ಉಕ್ಕಿನ ಅಲಗು ಕಟ್ಟಿಕೊಂಡು, ಸಂಗೀತಕ್ಕೆ ಸರಿಯಾಗಿ ಓಡಿ, ಗಾಳಿಗೆ ನೆಗೆದು, ಮೂರು ಸುತ್ತು ತಿರುಗಿ, ಒಂದೇ ಕಾಲಿನ ಮೇಲೆ, ಅದೂ ಹಿಂದಕ್ಕೆ ಜಾರುತ್ತ ಇಳಿಯಬೇಕು. ಮುಖದಲ್ಲಿ ನಗು ಮಾಸಬಾರದು. ಭರತನಾಟ್ಯದ ಹಾಗೇ ಇಲ್ಲೂ ಅಂಗಶುದ್ಧಿ ಬೇಕು, ಭಾವ ಬೇಕು, ಮೈಗೊಪ್ಪುವ ಉಡುಪು ಬೇಕು. ಬಿದ್ದರೆ ಮಾತ್ರ ಕಲ್ಲಿನಂಥ ಮಂಜುಗಡ್ಡೆ.

ಸುಝಾನ್ ವ್ಯಾಯಾಮದ ಶಿಕ್ಷಕಿ. ಹಾಗಾಗಿ ಮಗು ಬೆಳೆದದ್ದೇ ಆಟದ ಅಂಗಳದಲ್ಲಿ. ಮೊದಲು ಅವಳಿಗೆ ಒಲಿದದ್ದು ಜಿಮ್ನಾಸ್ಟಿಕ್ಸ್, ಅದರಲ್ಲೂ ಸಾಲಾಗಿ ಲಾಗ ಹಾಕುತ್ತ ಹೋಗುವ ಕಸರತ್ತು. ಆ ಲಾಗ ಹಾಕುವ ಮೈಯನ್ನೇ ಅವಳು ಮಂಜುಗಡ್ಡೆಗೂ ತಂದಳು. ಅದೇ ಅವಳ ಬಲ, ಅದೇ ಅವಳ ಮೇಲಿನ ದೂರು ಕೂಡ ಆಯಿತು.

ಹುಡುಗಿ ಹೆಸರು ಮಾಡತೊಡಗಿದಾಗ ಒಂದು ತಮಾಷೆ ನಡೆಯಿತು. ತಮಾಷೆ ಅನ್ನಬೇಕೋ ಬೇಸರ ಅನ್ನಬೇಕೋ ನೀವೇ ಹೇಳಿ. ಈಕೆ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಹುಟ್ಟಿದವಳು ಎಂದು ಅವಳ ತರಬೇತುದಾರರು ಪತ್ರಿಕೆಯವರ ಮುಂದೆ ಕಥೆ ಕಟ್ಟಿದರು. ಕಪ್ಪು ಹುಡುಗಿ ದೂರದ ದ್ವೀಪದಿಂದ ಬಂದಳೆಂದರೆ ಓದುವವರಿಗೆ ರುಚಿ ಹೆಚ್ಚಲ್ಲವೇ? ನಿಜವಾಗಿ ಅವಳು ಹುಟ್ಟಿದ್ದು ಅದೇ ಫ್ರಾನ್ಸಿನ ನೀಸ್‌ನಲ್ಲಿ. ತನ್ನ ಊರಲ್ಲೇ ಹುಟ್ಟಿದವಳನ್ನು ಹೊರಗಿನವಳನ್ನಾಗಿ ಮಾಡುವುದು ಎಷ್ಟು ಸುಲಭ ನೋಡಿ.

1991ರಲ್ಲಿ ಕಿರಿಯರ ವಿಶ್ವ ಚಾಂಪಿಯನ್ ಆದಳು. ಅದೇ ವರ್ಷದಿಂದ 1995ರವರೆಗೆ, ಒಂದು ವರ್ಷವೂ ಬಿಡದೆ, ಐದು ಸಲ ಯುರೋಪಿನ ಚಾಂಪಿಯನ್. ತನ್ನ ದೇಶದಲ್ಲಿ ಒಂಬತ್ತು ಸಲ. 1992ರಲ್ಲಿ ಫ್ರಾನ್ಸಿನ ಆಲ್ಬರ್ಟ್‌ವಿಲ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಎಲ್ಲ ಆಟಗಾರರ ಪರವಾಗಿ ಪ್ರತಿಜ್ಞೆ ಹೇಳಿದವಳು ಇವಳೇ. ಆಗ ಅವಳಿಗೆ 18 ವರ್ಷ. ಅಲ್ಲಿ ಹೆಂಗಸರು ಯಾರೂ ಕೈ ಹಾಕದ ನಾಲ್ಕು ಸುತ್ತಿನ ನೆಗೆತಕ್ಕೂ ಪ್ರಯತ್ನಪಟ್ಟಳು. ಸುತ್ತು ಪೂರ್ತಿಯಾಗಲಿಲ್ಲ, ಐದನೆಯ ಸ್ಥಾನ ಬಂತು. ಎರಡು ವರ್ಷದ ಮೇಲೆ, 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ. ಪದಕಕ್ಕೆ ಒಂದೇ ಮೆಟ್ಟಿಲು ಬಾಕಿ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಕಾಲಕ್ಕೆ ಅಂಕ ಕೊಡುವ ಪದ್ಧತಿ ಹೀಗಿತ್ತು: ಒಂಬತ್ತು ಜನ ತೀರ್ಪುಗಾರರು, ಒಬ್ಬೊಬ್ಬರೂ ಎರಡು ಅಂಕ ಕೊಡಬೇಕು, ಒಂದು ಕಸರತ್ತಿಗೆ, ಒಂದು ಸೊಬಗಿಗೆ. ಹೆಚ್ಚೆಂದರೆ 6. ಹೆಚ್ಚು ತೀರ್ಪುಗಾರರು ಯಾರನ್ನು ಮೊದಲು ಇಡುತ್ತಾರೋ ಅವರದು ಗೆಲುವು. ನವರಾತ್ರಿಯ ರಂಗೋಲಿ ಸ್ಪರ್ಧೆಯಲ್ಲಿ ಕೂತವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಚುಕ್ಕಿ ಎಣಿಸಬಹುದು, ಎಳೆ ನೇರವಿದೆಯೋ ನೋಡಬಹುದು. ಅಂದ ಮಾತ್ರ ನೋಡುವವರ ಕಣ್ಣಲ್ಲಿ.

1994ರ ವಿಶ್ವ ಸ್ಪರ್ಧೆ ಜಪಾನಿನ ಚಿಬಾದಲ್ಲಿ. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೂವರೂ ಅಲ್ಲಿರಲಿಲ್ಲ. ಸೂರ್ಯಳಿಗೆ ಇದೇ ಸಮಯ ಎಂದು ಎಲ್ಲರೂ ಅಂದುಕೊಂಡಿದ್ದರು. ಕೊನೆಗೆ ಐವರು ತೀರ್ಪುಗಾರರು ಜಪಾನಿನ ಯೂಕಾ ಸಾಟೋ ಕಡೆ, ನಾಲ್ವರು ಸೂರ್ಯಳ ಕಡೆ. ಒಂದೇ ಒಂದು ಮತದಲ್ಲಿ ಚಿನ್ನ ಹೋಯಿತು. ಪದಕ ಕೊಡುವಾಗ ಅವಳು ಮೆಟ್ಟಿಲ ಮೇಲೆ ಹತ್ತದೆ ಪಕ್ಕದಲ್ಲೇ ನಿಂತಳು. ಕರೆದು ಹತ್ತಿಸಿ ಕೊರಳಿಗೆ ಹಾಕಿದ ಬೆಳ್ಳಿ ಪದಕವನ್ನು ಅಲ್ಲೇ ತೆಗೆದು ಕೈಯಲ್ಲಿ ಹಿಡಿದಳು. ಕಣ್ಣಲ್ಲಿ ಧಾರಾಕಾರ ನೀರು. ಸಭೆಯಲ್ಲಿ ಕೂಗಾಟ.

ದುರಹಂಕಾರ ಅಂದರು ಕೆಲವರು. ಗೆದ್ದವಳ ಸಂತೋಷವನ್ನು ಕೆಡಿಸಿದಳು ಅಂದರು. ಆ ಮಾತಲ್ಲಿ ಸತ್ಯವಿಲ್ಲದೆ ಇಲ್ಲ. ಯೂಕಾ ಸಾಟೋ ತಪ್ಪೇನು ಮಾಡಿದ್ದಳು? ಚೆನ್ನಾಗಿಯೇ ಆಡಿದ್ದಳು. ಅವಳು ಜಾರುವುದನ್ನು ನೋಡಿದರೆ ಎಣ್ಣೆ ಸವರಿದ ಕಾವಲಿಯ ಮೇಲೆ ಹಿಟ್ಟು ಹರಿದ ಹಾಗಿರುತ್ತದೆ, ಎಲ್ಲೂ ತಡೆಯಿಲ್ಲ. ಸೂರ್ಯಳದು ಹಾಗಲ್ಲ. ನೆಗೆತಕ್ಕೂ ನೆಗೆತಕ್ಕೂ ನಡುವೆ ಬರೀ ಓಟ. ನೆಗೆತಗಳಲ್ಲೂ ಕೆಲವೊಮ್ಮೆ ಸುತ್ತು ಪೂರ್ತಿಯಾಗುತ್ತಿರಲಿಲ್ಲ. ಅಂಥ ಕೊರತೆ ಅವಳಲ್ಲಿತ್ತು, ಮುಚ್ಚಿಟ್ಟು ಹೊಗಳಿದರೆ ಅದು ನ್ಯಾಯವಲ್ಲ.

ಆದರೆ ಒಂದು ವಿಷಯ ನನ್ನನ್ನು ಬಿಡುವುದೇ ಇಲ್ಲ. ಅವಳ ಬಗ್ಗೆ ಆಡುತ್ತಿದ್ದ ಮಾತುಗಳೇ ಬೇರೆ ಥರ. ಬಲಿಷ್ಠೆ, ಗಟ್ಟಿಮುಟ್ಟು, ಕಸರತ್ತಿನವಳು. ಬೇರೆಯವರಿಗೆ ನವಿರು, ಲಾಲಿತ್ಯ, ರಾಜಕುಮಾರಿ. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂದು ಸ್ವಲ್ಪ..." ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗುವುದಿಲ್ಲವೇ? ಆ ಅರ್ಧ ಮಾತು ಕೇಳಿದ ಹುಡುಗಿಯರಿಗೆ ಚಿಬಾದ ಆ ಕಣ್ಣೀರು ಬೇಗ ಅರ್ಥವಾಗುತ್ತದೆ ಅಂತ ನನ್ನ ಅನಿಸಿಕೆ. ಅವಳಿಗಿಂತ ಮುಂಚೆ, 1988ರಲ್ಲಿ, ಅಮೆರಿಕದ ಡೆಬಿ ಥಾಮಸ್ ಎಂಬ ಕಪ್ಪು ಹುಡುಗಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದಳು, ನಿಜ. ಒಬ್ಬಳು ಗೆದ್ದಳೆಂದು ಎಲ್ಲರ ದಾರಿ ಸಲೀಸಾಗಿಬಿಡುತ್ತದೆಯೇ?

1993ರಲ್ಲಿ ಬೆಳ್ಳಿ, 1994ರಲ್ಲಿ ಬೆಳ್ಳಿ, 1995ರಲ್ಲಿ ಮತ್ತೆ ಬೆಳ್ಳಿ. ಮೂರು ವರ್ಷ, ಗೆದ್ದವರು ಮೂವರು ಬೇರೆ ಬೇರೆ, ಎರಡನೆಯವಳು ಮಾತ್ರ ಇವಳೇ! 1996ರಲ್ಲಿ ಹಿಮ್ಮಡಿಯ ಹಿಂದಿನ ದಪ್ಪ ನರವೇ ಹರಿದುಹೋಯಿತು. ನೆಗೆಯುವವರಿಗೆ ಅದು ಹರಿದರೆ ಬಾವಿಯ ಹಗ್ಗ ಹರಿದ ಹಾಗೆ. ಆದರೂ ಎರಡು ವರ್ಷ ಒದ್ದಾಡಿ, 1998ರ ಫೆಬ್ರವರಿಯಲ್ಲಿ ಜಪಾನಿನ ನಗಾನೊ ಒಲಿಂಪಿಕ್ಸ್‌ಗೆ ಬಂದಳು. ವಯಸ್ಸು 24.

ಮೊದಲ ಸುತ್ತಿನಲ್ಲಿ ಆರನೆಯ ಸ್ಥಾನ. ಎರಡನೆಯ ಸುತ್ತಿನಲ್ಲಿ ಕಾಲು ಮಾತು ಕೇಳುತ್ತಿಲ್ಲ, ಪದಕ ಬರುವುದಿಲ್ಲ ಎಂದು ಅವಳಿಗೇ ಗೊತ್ತಾಯಿತು. ಆಗ ಮಾಡಿದಳು ನೋಡಿ, ತನಗೆ ಎಂದಿನಿಂದಲೋ ಪ್ರಿಯವಾಗಿದ್ದ ಹಿಂದುಹಿಂದಕ್ಕೆ ಲಾಗ ಹಾಕುವ ಕಸರತ್ತು! 1976ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೆರ್ರಿ ಕುಬಿಕಾ ಎಂಬಾತ ಹಾಕಿದ ಮೇಲೆ ಅದನ್ನು ಸ್ಪರ್ಧೆಗಳಲ್ಲಿ ನಿಷೇಧಿಸಿದ್ದರು. ಅಪಾಯ ಎಂಬುದು ಒಂದು ಕಾರಣ. ನೆಗೆತ ಅಂದರೆ ಒಂದು ಕಾಲಲ್ಲಿ ಇಳಿಯಬೇಕು, ಲಾಗದಲ್ಲಿ ಎರಡೂ ಕಾಲು ಊರುತ್ತಾರೆ ಎಂಬುದು ಇನ್ನೊಂದು. ಸೂರ್ಯ ಇಳಿದದ್ದು ಒಂದೇ ಕಾಲಲ್ಲಿ. ಕಾಯಿದೆ ಮುರಿದದ್ದಕ್ಕೆ ಅಂಕ ಕತ್ತರಿಸಿದರು, ಹತ್ತನೆಯ ಸ್ಥಾನ ಬಂತು. ಆಟ ಮುಗಿಸಿ ತೀರ್ಪುಗಾರರಿಗೆ ಬೆನ್ನು ಹಾಕಿ ನಿಂತು ಜನರಿಗೆ ನಮಸ್ಕರಿಸಿದಳು.

ಹಿರಿಯರಿಗೆ ಬೆನ್ನು ಹಾಕುವುದು ಸರಿಯೇ ಅಂತ ನೀವು ಕೇಳಬಹುದು. ನನ್ನ ಮಗಳು ಹಾಗೆ ಮಾಡಿದರೆ ಗದರಿಸುತ್ತಿದ್ದೆನೋ ಏನೋ. ಗದರಿಸಿ ಒಳಗೆ ಹೋಗಿ ನಗುತ್ತಿದ್ದೆ.

ಅಲ್ಲಿಗೆ ಸ್ಪರ್ಧೆ ಬಿಟ್ಟಳು. ಆಮೇಲೆ ವರ್ಷಗಟ್ಟಲೆ ಅಮೆರಿಕದ ಊರೂರುಗಳಲ್ಲಿ ಮಂಜುಗಡ್ಡೆಯ ಪ್ರದರ್ಶನ ಕೊಟ್ಟಳು. ಅಲ್ಲಿ ಲಾಗಕ್ಕೆ ಅಡ್ಡಿಯಿಲ್ಲ. ಜನ ದುಡ್ಡು ಕೊಟ್ಟು ಬರುತ್ತಿದ್ದದ್ದೇ ಅದಕ್ಕೆ. 2004ರಲ್ಲಿ ಅಮೆರಿಕದ ಪೌರತ್ವ ಪಡೆದು, ಮಕ್ಕಳಿಗೆ ಸ್ಕೇಟಿಂಗ್ ಕಲಿಸುವ ಕೆಲಸ ಹಿಡಿದಳು.

ಅಂಕ ಕೊಡುವ ಆ ಹಳೆಯ 6ರ ಪದ್ಧತಿಯೂ ಉಳಿಯಲಿಲ್ಲ. 2002ರ ಒಲಿಂಪಿಕ್ಸ್‌ನಲ್ಲಿ ತೀರ್ಪಿನ ದೊಡ್ಡ ಹಗರಣವಾಗಿ, ಆಮೇಲೆ ಒಂದೊಂದು ನೆಗೆತಕ್ಕೂ ಗಿರಕಿಗೂ ಇಷ್ಟಿಷ್ಟು ಎಂದು ಲೆಕ್ಕ ಹಾಕುವ ಹೊಸ ಪದ್ಧತಿ ಬಂತು. 2024ರ ಜನವರಿಯಲ್ಲಿ ಫ್ರಾನ್ಸಿನವನೇ ಆದ ಆಡಮ್ ಸಿಯಾವೊ ಹಿಮ್ ಫಾ ಯುರೋಪಿನ ಸ್ಪರ್ಧೆಯಲ್ಲಿ ಬೇಕೆಂದೇ ಹಿಂದಕ್ಕೆ ಲಾಗ ಹಾಕಿ, ಅಂಕ ಕಳೆದುಕೊಂಡೂ ಚಿನ್ನ ಗೆದ್ದ. ಅದೇ ವರ್ಷ ಆ ನಿಷೇಧವನ್ನೇ ತೆಗೆದುಹಾಕಿದರು. ಸೂರ್ಯಳಿಗೆ ಆಗ ಐವತ್ತು ತುಂಬಿತ್ತು.

ನಗಾನೊದ ಆ ಆಟ ಈಗ ಮಕ್ಕಳ ಮೊಬೈಲಿನಲ್ಲೂ ನೋಡಲು ಸಿಗುತ್ತದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹುಡುಕಿಸಿಕೊಂಡು ನೋಡಿ. ಲಾಗ ಕ್ಷಣದಲ್ಲಿ ಮುಗಿದುಹೋಗುತ್ತದೆ, ರೆಪ್ಪೆ ಬಡಿಯಬೇಡಿ. ಅವಳು ಇಳಿಯುವಾಗ ಎಷ್ಟು ಕಾಲು ನೆಲ ಮುಟ್ಟುತ್ತದೆ ಎಂಬುದನ್ನೇ ಗಮನಿಸಿ.